ಕ್ರಿ.ಶ. 49ರ ಒಂದು ಮಗುವಿನ ವ್ಯಾಜ್ಯ: ಪಪೈರಸ್ ಕಾಗದಗಳಲ್ಲಿ ಆಕ್ಸಿರಿಂಕಸ್‌ನ ನೇಕಾರನ ಮನೆ

ಕ್ರಿ.ಶ. 49ರ ಮಾರ್ಚ್ 29ರಂದು, ಅಂದರೆ ಚಕ್ರವರ್ತಿ ಕ್ಲಾಡಿಯಸ್‌ನ ಆಳ್ವಿಕೆಯ ಒಂಬತ್ತನೆಯ ವರ್ಷದ ಫಾರ್ಮೂಥಿ ಮಾಸದ ಮೂರನೆಯ ದಿನ, ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದಲ್ಲಿ ಟೈಬೀರಿಯಸ್ ಕ್ಲಾಡಿಯಸ್ ಪಾಸಿಯೋನ್ ಎಂಬ ಅಧಿಕಾರಿಯ ಮುಂದೆ ಒಂದು ವ್ಯಾಜ್ಯ ವಿಚಾರಣೆಗೆ ಬಂತು. ಪಾಸಿಯೋನ್ ಆ ಜಿಲ್ಲೆಯ ಸ್ಟ್ರಾಟೆಗೋಸ್. ಹೆಸರು ಸೇನಾಪತಿಯದಾದರೂ ಕೆಲಸ ಜಿಲ್ಲಾಡಳಿತದ್ದು. ಫಿರ್ಯಾದಿಯ ಹೆಸರು ಪೆಸೂರಿಸ್. ಪ್ರತಿವಾದಿ ಸರಾಯೆಸ್, ಟ್ರೈಫೋನ್ ಎಂಬ ನೇಕಾರನ ಹೆಂಡತಿ. ಇಬ್ಬರ ನಡುವಿನ ತಕರಾರು ಸುಮಾರು ಎರಡು ವರ್ಷದ ಒಂದು ಗಂಡು ಮಗುವಿನದು. ಅದು ತಾನು ತಿಪ್ಪೆಯಿಂದ ಎತ್ತಿ ತಂದು ಹಾಲೂಡಿಸಲು ಸರಾಯೆಸ್‌ಗೆ ಒಪ್ಪಿಸಿದ್ದ ಹೆರಾಕ್ಲಾಸ್ ಎಂದು ಪೆಸೂರಿಸ್ ಹೇಳುತ್ತಿದ್ದ. ಹೆರಾಕ್ಲಾಸ್ ತೀರಿಕೊಂಡಿದ್ದಾನೆ, ಬದುಕಿರುವುದು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ಎಂದು ಸರಾಯೆಸ್ ಹೇಳುತ್ತಿದ್ದಳು. ಪೆಸೂರಿಸ್ ಗೆದ್ದರೆ ಆ ಮಗು ಗುಲಾಮ, ಸರಾಯೆಸ್ ಗೆದ್ದರೆ ಸ್ವತಂತ್ರ.

ಈ ವಿಚಾರಣೆಯ ವಿವರ ನಮಗೆ ಗೊತ್ತಿರುವುದು ಎರಡು ಪಪೈರಸ್ ಹಾಳೆಗಳಿಂದ, ಅಂದರೆ ಜೊಂಡಿನಿಂದ ಮಾಡಿದ ಆ ಕಾಲದ ಕಾಗದಗಳಿಂದ. ಆಗ ಈಜಿಪ್ಟನ್ನು ಆಳುತ್ತಿದ್ದುದು ರೋಮ್. ಕಚೇರಿಗಳು ಬರೆಯುತ್ತಿದ್ದುದು ಗ್ರೀಕ್ ಭಾಷೆಯಲ್ಲಿ. ಒಂದು ಹಾಳೆ ಪಾಸಿಯೋನನ ನಡವಳಿ ಪುಸ್ತಕದಿಂದ ತೆಗೆದ ನಕಲು. ಇನ್ನೊಂದು, ಅದಾದ ಕೆಲವು ತಿಂಗಳಲ್ಲಿ ಟ್ರೈಫೋನ್ ಇಡೀ ಈಜಿಪ್ಟಿನ ರೋಮನ್ ರಾಜ್ಯಪಾಲನಾದ ಗ್ನೇಯಸ್ ವರ್ಜಿಲಿಯಸ್ ಕ್ಯಾಪಿಟೋಗೆ ಬರೆಸಿದ ಅರ್ಜಿ. ಆಕ್ಸಿರಿಂಕಸ್ ಇದ್ದ ಜಾಗದಲ್ಲಿ ಈಗ ಅಲ್ ಬಹ್ನಸಾ ಎಂಬ ಊರಿದೆ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್. 1896-97ರ ಚಳಿಗಾಲದಲ್ಲಿ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ತರುಣ ವಿದ್ವಾಂಸರು ಅಲ್ಲಿ ಅಗೆಸಲು ಆರಂಭಿಸಿದಾಗ, ಊರಿನವರು ಶತಮಾನಗಳ ಕಾಲ ಕಸ ಸುರಿದ ದಿಬ್ಬಗಳಲ್ಲಿ ಪಪೈರಸ್ ಚೂರುಗಳು ರಾಶಿರಾಶಿಯಾಗಿ ಸಿಕ್ಕವು. ಮಳೆ ಇಲ್ಲವೆನ್ನುವಷ್ಟು ಕಡಿಮೆ ಬೀಳುವ, ಅಂತರ್ಜಲದ ತೇವ ತಲುಪದ ಒಣ ದಿಬ್ಬಗಳಾದ್ದರಿಂದ ಅವು ಕೊಳೆಯದೆ ಉಳಿದಿದ್ದವು. ಮೊದಲ ಸಂಪುಟ 1898ರಲ್ಲಿ ಪ್ರಕಟವಾಯಿತು. ನಮ್ಮ ಪ್ರಕರಣದ ಎರಡು ಹಾಳೆಗಳು ಅದರ 37 ಮತ್ತು 38ನೆಯ ದಾಖಲೆಗಳು. ಕನ್ನಡ ಓದುಗರಲ್ಲಿ ಅನೇಕರಿಗೆ ಆಕ್ಸಿರಿಂಕಸ್ ಪರಿಚಿತವಾಗಿರುವುದು ಅಲ್ಲೇ ಸಿಕ್ಕ 413ನೆಯ ಪಪೈರಸ್‌ನಿಂದ, ಅಂದರೆ ವಿದ್ವಾಂಸರಾದ ಹುಲ್ಷ್ ಮತ್ತು ಶಾಮಶಾಸ್ತ್ರಿಗಳು ಕನ್ನಡದ ಮಾತುಗಳಿವೆಯೆಂದು ವಾದಿಸಿದ ಚಾರಿಷನ್ ಎಂಬ ಗ್ರೀಕ್ ಪ್ರಹಸನದಿಂದ. ಆ ಒಂದು ಪ್ರಹಸನದ ಬಗ್ಗೆ ನಾವು ಆಡಿದಷ್ಟು ಮಾತನ್ನು ಅದರ ಸುತ್ತ ಸಿಕ್ಕ ಸಾವಿರಾರು ರಸೀದಿ, ಕರಾರು, ದೂರುಗಳ ಬಗ್ಗೆ ಆಡಿಲ್ಲ. ನನ್ನ ಮಟ್ಟಿಗೆ ಊರೊಂದರ ನಿತ್ಯಜೀವನ ಕಾಣುವುದು ಈ ಎರಡನೆಯ ಬಗೆಯ ಕಾಗದಗಳಲ್ಲಿ.

ನೇಕಾರನ ಮನೆ

ಟ್ರೈಫೋನನ ಮನೆತನದ ಹಲವಾರು ದಾಖಲೆಗಳು ಉಳಿದಿರುವುದರಿಂದ ವ್ಯಾಜ್ಯದ ಹಿನ್ನೆಲೆಯನ್ನು ಸಾಕಷ್ಟು ಕಟ್ಟಿಕೊಳ್ಳಬಹುದು. ಕ್ರಿ.ಶ. 11-12ರ ಒಂದು ಪಟ್ಟಿಯಲ್ಲಿ ಅವನ ವಯಸ್ಸು ಮೂರು ಎಂದಿದೆ; ಅದೇ ಪಟ್ಟಿಯಲ್ಲಿ ಅವನ ಹೆಸರಿನವನೇ ಆದ ಅಜ್ಜ 64 ವರ್ಷದವನಾಗಿ ಕಾಣಿಸುತ್ತಾನೆ. ಮನೆತನದ ಕಸುಬು ನೇಯ್ಗೆ. ತಲೆಗಂದಾಯ, ನೇಕಾರರ ಮೇಲಿನ ತೆರಿಗೆ, ಹಂದಿಯ ಹೆಸರಿನಲ್ಲಿದ್ದ ಒಂದು ಸಣ್ಣ ತೆರಿಗೆ, ಇವೆಲ್ಲವನ್ನೂ ಕಟ್ಟಿದ ಲೆಕ್ಕಗಳು ಉಳಿದಿವೆ. ಆದರೆ ಟ್ರೈಫೋನನಿಗೆ ಓದುಬರಹ ಬರುತ್ತಿರಲಿಲ್ಲ. ತನ್ನ ಜೀವನದ ಪ್ರತಿಯೊಂದು ತಿರುವಿನಲ್ಲೂ ಇನ್ನೊಬ್ಬರ ಕೈಯಿಂದ ಕಾಗದ ಬರೆಸಿ, ಅದನ್ನು ಜೋಪಾನವಾಗಿ ಇಟ್ಟುಕೊಂಡವನು ಅವನು. ಓದಲಾರದವನೊಬ್ಬ ಇಷ್ಟು ಕಾಗದ ಕೂಡಿಟ್ಟದ್ದೇ ಆ ಸಮಾಜದಲ್ಲಿ ಬರಹಕ್ಕಿದ್ದ ತೂಕವನ್ನು ಹೇಳುತ್ತದೆ.

ಸರಾಯೆಸ್ ಅವನ ಎರಡನೆಯ ಹೆಂಡತಿ. ಮೊದಲನೆಯವಳಾದ ದೆಮೆತ್ರೂಸ್ ಮನೆಬಿಟ್ಟು ಹೋದಾಗ ಟ್ರೈಫೋನ್ ಆಗಿನ ಸ್ಟ್ರಾಟೆಗೋಸ್‌ಗೆ ದೂರು ಕೊಟ್ಟಿದ್ದ: ತಾನು ಶಕ್ತಿಮೀರಿ ಅವಳನ್ನು ನೋಡಿಕೊಂಡರೂ ಅವಳಿಗೆ ಬಾಳುವೆ ಬೇಡವಾಯಿತು, ಹೋಗುವಾಗ ತನ್ನ ಸಾಮಾನನ್ನೂ ಹೊತ್ತೊಯ್ದಳು ಎಂಬುದು ಅದರ ಸಾರ. ಕ್ರಿ.ಶ. 37ರಲ್ಲಿ ಸರಾಯೆಸ್ ಬಂದಳು. ಆಗ ಬರೆದ ಪತ್ರದ ಪ್ರಕಾರ ಅವಳು ತಂದದ್ದು 40 ಡ್ರಾಕ್ಮಾ ಬೆಳ್ಳಿ ನಾಣ್ಯ, 20 ಡ್ರಾಕ್ಮಾ ಬೆಲೆಯ ಒಂದು ಜೊತೆ ಚಿನ್ನದ ಓಲೆ, 12 ಡ್ರಾಕ್ಮಾ ಬೆಲೆಯ ಹಾಲುಬಣ್ಣದ ಒಂದು ಉಡುಪು, ಒಟ್ಟು 72 ಡ್ರಾಕ್ಮಾ. ವಿಧ್ಯುಕ್ತ ವಿವಾಹಪತ್ರವಿಲ್ಲದೆ ಕೂಡಿ ಬಾಳುವ ಸಂಬಂಧ ಇದಾದ್ದರಿಂದ ಆ ಹಣವನ್ನು ಕೈಸಾಲದ ರೂಪದಲ್ಲೇ ಬರೆಯಲಾಗಿದೆ, ಹಿಂದಿರುಗಿಸಬೇಕಾದ ಗಡುವೂ ಸೇರಿ. ಇಬ್ಬರೂ ಬೇರೆಯಾಗುವ ಹೊತ್ತಿಗೆ ಅವಳು ಗರ್ಭಿಣಿಯಾಗಿದ್ದರೆ ಏನು ಮಾಡಬೇಕೆಂಬುದನ್ನೂ ಅದರಲ್ಲಿ ಗೊತ್ತುಮಾಡಿದ್ದಾರೆ. ಆ ವರ್ಷವೇ ದೆಮೆತ್ರೂಸ್ ಮತ್ತು ಅವಳ ತಾಯಿ ಸೇರಿ ಬಸುರಿ ಸರಾಯೆಸ್‌ಳ ಮೇಲೆ ಕೈಮಾಡಿದರೆಂದು ಟ್ರೈಫೋನ್ ಇನ್ನೊಂದು ದೂರು ಬರೆಸಿದ್ದಾನೆ. ಜಗಳ, ಕಚೇರಿ, ಅರ್ಜಿ ಈ ಮನೆಗೆ ಹೊಸತಾಗಿರಲಿಲ್ಲ.

ಈ ಹಿನ್ನೆಲೆಯಲ್ಲಿ ಕ್ಲಾಡಿಯಸ್‌ನ ಏಳನೆಯ ವರ್ಷದಲ್ಲಿ, ಎಂದರೆ ಕ್ರಿ.ಶ. 46-47ರಲ್ಲಿ, ಪೆಸೂರಿಸ್‌ನ ಮಗು ಸರಾಯೆಸ್‌ಳ ಮಡಿಲಿಗೆ ಬಂತು. ಗಂಡನೇ ಜಾಮೀನು ನಿಂತ. ಸಿಕ್ಕ ಸಂಬಳ ಒಟ್ಟು ಎಂಟು ಸ್ಟೇಟರ್, ಅಂದರೆ 32 ಡ್ರಾಕ್ಮಾ. ಕೆಲವು ವರ್ಷಗಳ ನಂತರ, ಕ್ರಿ.ಶ. 54ರಲ್ಲಿ, ಟ್ರೈಫೋನ್ ಒಂದು ಮಗ್ಗವನ್ನು 20 ಡ್ರಾಕ್ಮಾಕ್ಕೆ ಕೊಂಡಿದ್ದಾನೆ. ಹಾಗಾಗಿ ಸರಾಯೆಸ್‌ಳ ಹಾಲಿನ ಸಂಪಾದನೆ ಒಂದೂವರೆ ಮಗ್ಗದ ಬೆಲೆಗಿಂತ ತುಸು ಹೆಚ್ಚು. ನೇಕಾರನ ಮನೆಗೆ ಅದು ಕಡಿಮೆಯಾದ ಹಣವಲ್ಲ.

ಕಚೇರಿಯಲ್ಲಿ ನಡೆದ ಮಾತು

ನಡವಳಿಯ ನಕಲು ಚಿಕ್ಕದು, ಆದರೆ ಅದರಲ್ಲಿ ಪ್ರತಿಯೊಬ್ಬರ ಮಾತೂ ಅವರವರ ಬಾಯಲ್ಲೇ ಬರುತ್ತದೆ. ಪೆಸೂರಿಸ್‌ನ ಪರವಾಗಿ ಅರಿಸ್ಟೊಕ್ಲೀಸ್ ಎಂಬ ವಕೀಲ ನಿಂತಿದ್ದ. ಅವನ ವಾದ ಕ್ರಮಬದ್ಧವಾಗಿದೆ. ಏಳನೆಯ ವರ್ಷದಲ್ಲಿ ತನ್ನ ಕಕ್ಷಿದಾರ ತಿಪ್ಪೆಯಿಂದ ಗಂಡು ಮಗುವೊಂದನ್ನು ಎತ್ತಿಕೊಂಡ. ಅದನ್ನು ಈಕೆಗೆ ಒಪ್ಪಿಸಿದ. ಮೊದಲ ವರ್ಷದ ಸಂಬಳವನ್ನೂ ಎರಡನೆಯ ವರ್ಷದ ಸಂಬಳವನ್ನೂ ಈಕೆ ಪಡೆದಳು, ಅದಕ್ಕೆ ಈಕೆಯೇ ಒಪ್ಪಿದ ಬರಹಗಳಿವೆ. ಮಗುವನ್ನು ಹಸಿವಿಗೆ ಕೆಡವಿದ್ದರಿಂದ ಪೆಸೂರಿಸ್ ಅದನ್ನು ಮರಳಿ ಕರೆತಂದ. ಈಕೆ ಸಮಯ ಸಾಧಿಸಿ ಮನೆಗೆ ನುಗ್ಗಿ ಮಗುವನ್ನು ಎತ್ತಿಕೊಂಡು ಹೋದಳು. ಈಗ ಅದು ಸ್ವತಂತ್ರ ಹುಟ್ಟಿನದೆಂದು ಹೇಳುತ್ತಿದ್ದಾಳೆ. ಹಾಲೂಡಿಸುವ ಕರಾರು ಒಂದು, ಸಂಬಳದ ರಸೀದಿ ಇನ್ನೊಂದು, ಇವೆರಡನ್ನೂ ಮಾನ್ಯ ಮಾಡಬೇಕು.

ಸರಾಯೆಸ್‌ಳ ಉತ್ತರ ಕೆಲವೇ ವಾಕ್ಯಗಳದು, ಅವಳದೇ ಮಾತಾಗಿ ದಾಖಲಾಗಿದೆ. ನನ್ನ ಮಗುವಿಗೆ ಮೊಲೆ ಬಿಡಿಸಿದ್ದೆ, ಆಮೇಲೆ ಇವರ ಮಗುವನ್ನು ನನಗೆ ಒಪ್ಪಿಸಿದರು. ಎಂಟು ಸ್ಟೇಟರ್ ಪೂರ್ತಿ ಪಡೆದೆ. ಆ ಮಗು ತೀರಿಕೊಂಡಿತು. ಈಗ ನನ್ನ ಸ್ವಂತ ಮಗುವನ್ನೇ ಕಿತ್ತುಕೊಳ್ಳಲು ಬಂದಿದ್ದಾರೆ ಎಂದಳು. ನಡುವೆ ಥಿಯೋನ್ ಎಂಬೊಬ್ಬ ಎದ್ದು, ಆ ಮಗುವಿನ ಕಾಗದಗಳು ನಮ್ಮಲ್ಲಿವೆ ಎಂದು ಒಂದೇ ಮಾತು ಹೇಳುತ್ತಾನೆ; ಸಂದರ್ಭ ನೋಡಿದರೆ ಅವನೂ ಪೆಸೂರಿಸ್‌ನ ಕಡೆಯವನಿರಬೇಕು.

ಇಲ್ಲಿ ಗಮನಿಸಬೇಕಾದದ್ದು, ವಕೀಲ ಅಷ್ಟು ಒತ್ತುಕೊಟ್ಟು ಮುಂದಿಟ್ಟ ಎರಡು ಸಾಕ್ಷ್ಯಗಳೂ ತಕರಾರಿಲ್ಲದ ಸಂಗತಿಗಳನ್ನೇ ರುಜುವಾತು ಮಾಡುತ್ತಿದ್ದವು. ಕರಾರು ಆಗಿತ್ತು, ಹಣ ಸಂದಿತ್ತು ಎಂಬುದನ್ನು ಸರಾಯೆಸ್ ಅಲ್ಲಗಳೆಯಲೇ ಇಲ್ಲ. ಸತ್ತದ್ದು ಯಾವ ಮಗು, ಬದುಕಿದ್ದು ಯಾವ ಮಗು ಎಂಬ ಒಂದೇ ಪ್ರಶ್ನೆ ಉಳಿದಿತ್ತು, ಅದಕ್ಕೆ ಕಾಗದವಿರಲಿಲ್ಲ. ರೋಮನ್ ಈಜಿಪ್ಟಿನಲ್ಲಿ ಹದಿನಾಲ್ಕು ವರ್ಷಕ್ಕೊಮ್ಮೆ ಮನೆಮನೆಯ ಜನಗಣತಿ ನಡೆಯುತ್ತಿತ್ತು, ಮತ್ತು ಕ್ರಿ.ಶ. 47-48 ಅಂಥದೊಂದು ಗಣತಿಯ ವರ್ಷ. ಆದರೂ ಮನೆಯವರ ಪಟ್ಟಿಯನ್ನು ಯಾರೂ ಕಚೇರಿಯಲ್ಲಿ ಮುಂದಿಟ್ಟಂತೆ ನಡವಳಿ ಹೇಳುವುದಿಲ್ಲ. ಸೂಲಗಿತ್ತಿಯನ್ನಾಗಲಿ ನೆರೆಹೊರೆಯವರನ್ನಾಗಲಿ ಕರೆದು ಕೇಳಿದ ಉಲ್ಲೇಖವೂ ಇಲ್ಲ. ನನಗೆ ಇನ್ನೂ ವಿಚಿತ್ರವಾಗಿ ತೋರುವುದು ವಯಸ್ಸಿನ ಪ್ರಶ್ನೆ ಏಳದಿರುವುದು. ಸರಾಯೆಸ್ ತನ್ನ ಮಗುವಿಗೆ ಮೊಲೆ ಬಿಡಿಸಿದ ಮೇಲೆ ಹೆರಾಕ್ಲಾಸ್ ಬಂದನೆಂದರೆ ಅವಳ ಮಗು ಅವನಿಗಿಂತ ಕೆಲವು ತಿಂಗಳಾದರೂ ದೊಡ್ಡದಾಗಿರಬೇಕು. ಎರಡು ವರ್ಷದ ಆಸುಪಾಸಿನಲ್ಲಿ ಆ ವ್ಯತ್ಯಾಸ ಹಲ್ಲು, ನಡಿಗೆ, ಮಾತುಗಳಲ್ಲಿ ಕಾಣಿಸುತ್ತದೆ. ಸಂಬಳದ ಮಗುವಿಗಾಗಿ ಅವಳು ತನ್ನ ಮಗುವಿಗೆ ಬೇಗನೆ ಹಾಲು ಬಿಡಿಸಿದ್ದರೆ ಅಂತರ ಕಡಿಮೆಯಾಗಿದ್ದಿರಬಹುದು. ಬಡಮನೆಯಲ್ಲಿ ಅದು ಆಗದ ಮಾತಲ್ಲ.

ತಿಪ್ಪೆಯ ಮಕ್ಕಳು

ಪೆಸೂರಿಸ್ ಏಕೆ ಇಷ್ಟು ಹಟ ಹಿಡಿದ ಎಂಬುದು ಅರ್ಥವಾಗಬೇಕಾದರೆ ಆ ಕಾಲದ ಒಂದು ಪದ್ಧತಿಯನ್ನು ಕಣ್ಣುಮುಚ್ಚದೆ ನೋಡಬೇಕು. ಬೇಡವಾದ ಅಥವಾ ಸಾಕಲಾಗದ ಕೂಸನ್ನು ಊರಹೊರಗಿನ ತಿಪ್ಪೆಯ ಮೇಲೆ ಬಿಟ್ಟುಬರುವುದು ಗ್ರೀಕ್ ಮತ್ತು ರೋಮನ್ ಜಗತ್ತಿನಲ್ಲಿ ಶಿಕ್ಷಾರ್ಹವಾಗಿರಲಿಲ್ಲ. ಎತ್ತಿಕೊಂಡವರು ಅದನ್ನು ಗುಲಾಮನನ್ನಾಗಿ ಸಾಕಬಹುದಿತ್ತು. ಪೇಟೆಯಲ್ಲಿ ಬೆಳೆದ ಆಳನ್ನು ಕೊಳ್ಳುವ ಬದಲು ಕೂಸಿಗೆ ಎರಡು ವರ್ಷ ಹಾಲಿನ ಸಂಬಳ ಕೊಟ್ಟು ಬೆಳೆಸುವುದು ಒಂದು ಬಂಡವಾಳ ಹೂಡಿಕೆ. ಹಾಲೂಡಿಸುವ ಕರಾರುಗಳು ಈಜಿಪ್ಟಿನ ಬೇರೆ ಊರುಗಳಿಂದಲೂ ದೊರೆತಿವೆ. ಅವುಗಳಲ್ಲಿ ಬಹಳಷ್ಟು ಇಂಥ ಗುಲಾಮ ಕೂಸುಗಳಿಗೇ ಸಂಬಂಧಿಸಿದವು. ಅಗಸ್ಟಸ್‌ನ ಕಾಲದ ಅಲೆಕ್ಸಾಂಡ್ರಿಯದ ಕರಾರುಗಳಲ್ಲಿ ದಾದಿ ಗಂಡಿನ ಸಂಗ ಮಾಡಕೂಡದು, ಬಸುರಿಯಾಗಕೂಡದು, ಬೇರೆ ಮಗುವಿಗೆ ಹಾಲು ಕೊಡಕೂಡದು ಎಂಬ ಷರತ್ತುಗಳಿವೆ. ಕೆಲವುಗಳಲ್ಲಂತೂ ಕೂಸು ಸತ್ತರೆ ದಾದಿ ಇನ್ನೊಂದು ಕೂಸನ್ನು ತಂದು ಸಂಬಳವಿಲ್ಲದೆ ಸಾಕಿಕೊಡಬೇಕೆಂದೂ ಇದೆ. ಸರಾಯೆಸ್‌ಳ ಕರಾರಿನಲ್ಲಿ ಏನಿತ್ತೆಂಬುದನ್ನು ನಡವಳಿ ಹೇಳುವುದಿಲ್ಲ. ಆದರೆ ಇಂಥ ಷರತ್ತು ಚಾಲ್ತಿಯಲ್ಲಿದ್ದ ನಾಡಿನಲ್ಲಿ, ಕೂಸು ಸತ್ತಿತೆಂದರೆ ಅದಕ್ಕೆ ಬದಲಿ ಮಗು ನನ್ನದು ಎಂದು ಸಾಕಲು ಕೊಟ್ಟವನು ಭಾವಿಸುವುದು ಅಸಂಭವವೇನಲ್ಲ.

ಇದೇ ಊರಿನಲ್ಲಿ ದೊರೆತ, ಕ್ರಿ.ಪೂ. 1ರ ಒಂದು ಪತ್ರ ಬಹಳ ಪ್ರಸಿದ್ಧ. ಅಲೆಕ್ಸಾಂಡ್ರಿಯಕ್ಕೆ ದುಡಿಯಲು ಹೋಗಿದ್ದ ಹಿಲಾರಿಯೋನ್ ಎಂಬವನು ಮನೆಯಲ್ಲಿದ್ದ ಆಲಿಸ್‌ಗೆ, ಹೆರಿಗೆಯಾಗಿ ಗಂಡಾದರೆ ಇರಲಿ, ಹೆಣ್ಣಾದರೆ ಬಿಸಾಡು ಎಂದು ಬರೆಸಿದ್ದಾನೆ; ಅದೇ ಪತ್ರದಲ್ಲಿ, ನಿನ್ನನ್ನು ನಾನು ಹೇಗೆ ಮರೆಯಲಿ ಎಂಬ ಅಕ್ಕರೆಯ ಮಾತೂ ಇದೆ. ಈ ಒಂದು ಪತ್ರವನ್ನು ಹಿಡಿದು, ತಿಪ್ಪೆ ಸೇರುತ್ತಿದ್ದುದು ಹೆಣ್ಣುಕೂಸುಗಳೇ ಎಂದು ಬರೆಯುವವರಿದ್ದಾರೆ. ಹೆರಾಕ್ಲಾಸ್ ಗಂಡು ಕೂಸು. ಬಡತನ, ವಿಧವೆಯ ಬಸಿರು, ಗುಲಾಮಳ ಬಸಿರು, ಹೀಗೆ ಕಾರಣಗಳು ಹಲವು ಇರಬಹುದು. ತಿಪ್ಪೆ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಕೊಪ್ರೆವುಸ್, ಕೊಪ್ರಿಯಾ ಎಂಬ ಹೆಸರುಗಳು ಪಪೈರಸ್‌ಗಳಲ್ಲಿ ಅನೇಕ ಸಲ ಬರುತ್ತವೆ. ಅವರೆಲ್ಲರೂ ಎತ್ತಿ ತಂದ ಮಕ್ಕಳೇ ಎಂಬ ನಿರ್ಣಯಕ್ಕೆ ನಾನು ಒಪ್ಪಲಾರೆ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುವ ರೂಢಿಯನ್ನು ಬಲ್ಲ ಕನ್ನಡಿಗರಿಗೆ ಇನ್ನೊಂದು ವಿವರಣೆ ತಾನಾಗಿ ಹೊಳೆಯುತ್ತದೆ.

ಸರ್ಕಾರ ಈ ಪದ್ಧತಿಯನ್ನು ತಡೆಯಲಿಲ್ಲವಾದರೂ ಅದರ ಅಂಚಿನಲ್ಲಿ ಬೇಲಿ ಹಾಕಿತ್ತು. ಎರಡನೆಯ ಶತಮಾನದ ಪ್ರತಿಯಲ್ಲಿ ಉಳಿದಿರುವ, ಇಡಿಯೋಸ್ ಲೋಗೋಸ್ ಎಂಬ ಖಜಾನೆ ಇಲಾಖೆಯ ನಿಯಮಾವಳಿಯ ಪ್ರಕಾರ, ಈಜಿಪ್ಟಿನವನೊಬ್ಬ ತಿಪ್ಪೆಯ ಕೂಸನ್ನು ಎತ್ತಿ ಮಗನನ್ನಾಗಿ ದತ್ತು ಮಾಡಿಕೊಂಡರೆ ಅವನು ಸತ್ತ ಮೇಲೆ ಆಸ್ತಿಯ ಕಾಲುಭಾಗವನ್ನು ದಂಡವಾಗಿ ವಸೂಲು ಮಾಡಬೇಕು. ಗುಲಾಮನನ್ನಾಗಿ ಸಾಕಿದರೆ ದಂಡವಿಲ್ಲ, ಮಗನನ್ನಾಗಿ ಸಾಕಿದರೆ ದಂಡ. ವರ್ಗ ವರ್ಗಗಳ ನಡುವಿನ ಗೆರೆ ಅಳಿಸಿಹೋಗದಂತೆ ನೋಡಿಕೊಳ್ಳುವುದೇ ಆಡಳಿತದ ಚಿಂತೆ. ಕೂಸಿನ ಹಿತ ಅದರ ಲೆಕ್ಕದಲ್ಲಿರಲಿಲ್ಲ.

ತೀರ್ಪು

ಪಾಸಿಯೋನನ ತೀರ್ಪು ಒಂದೇ ವಾಕ್ಯದ್ದು. ಮುಖಲಕ್ಷಣದಿಂದ ಮಗು ಸರಾಯೆಸ್‌ಳದೇ ಎಂದು ತೋರುತ್ತಿರುವುದರಿಂದ, ಪೆಸೂರಿಸ್ ಒಪ್ಪಿಸಿದ ಕೂಸು ಸತ್ತಿದೆಯೆಂದು ಅವಳೂ ಅವಳ ಗಂಡನೂ ಲಿಖಿತ ಹೇಳಿಕೆ ಕೊಟ್ಟರೆ, ರಾಜ್ಯಪಾಲರ ನಿರ್ಣಯಕ್ಕೆ ಅನುಸಾರವಾಗಿ ಅವಳು ಪಡೆದ ಹಣವನ್ನು ಹಿಂದಿರುಗಿಸಿ ತನ್ನ ಮಗುವನ್ನು ಇಟ್ಟುಕೊಳ್ಳಬಹುದು ಎಂದು ಅವನು ಆದೇಶಿಸಿದ.

ಈ ವಾಕ್ಯದಲ್ಲಿ ಮೂರು ಬೇರೆ ಬೇರೆ ತರ್ಕಗಳು ಒಂದರ ಮೇಲೊಂದು ಕೂತಿವೆ. ಮೊದಲನೆಯದು ಕಣ್ಣಿನ ಸಾಕ್ಷಿ: ಅಧಿಕಾರಿ ಮಗುವನ್ನೂ ತಾಯಿಯನ್ನೂ ನೋಡಿ ಹೋಲಿಕೆ ಕಂಡ. ಎರಡನೆಯದು ಮೇಲಿನವರ ಆಜ್ಞೆ: ಟ್ರೈಫೋನನ ಅರ್ಜಿಯಿಂದ ತಿಳಿಯುವಂತೆ ವಿಷಯ ಮೊದಲೇ ಕ್ಯಾಪಿಟೋವಿನ ತನಕ ಹೋಗಿತ್ತು, ಪಾಸಿಯೋನ್ ಅವನ ಅಪ್ಪಣೆಯ ಚೌಕಟ್ಟಿನೊಳಗೆ ತೀರ್ಪು ಕೊಡುತ್ತಿದ್ದ. ಮೂರನೆಯದೇ ನನಗೆ ಹೆಚ್ಚು ಮುಖ್ಯವೆನಿಸುವುದು. ಕಾಗದಗಳು ಉತ್ತರಿಸಲಾರದ ಪ್ರಶ್ನೆಯನ್ನು ಕಣ್ಣಿನಿಂದ ತೀರ್ಮಾನಿಸಿದ ಅಧಿಕಾರಿ, ಆ ತೀರ್ಮಾನವನ್ನು ಮತ್ತೆ ಒಂದು ಕಾಗದದ ಮೇಲೆ ನಿಲ್ಲಿಸಿದ. ಓದುಬರಹವಿಲ್ಲದ ಮನೆಯವರಿಂದ ಲಿಖಿತ ಹೇಳಿಕೆ ಕೇಳಿದ. ಹೇಳಿಕೆ ಸುಳ್ಳಾದರೆ ಹೊಣೆ ಅವರ ತಲೆಯ ಮೇಲೆ; ನಿಜವಾದರೆ ಮುಂದೆ ಪೆಸೂರಿಸ್ ಬಂದಾಗ ತೋರಿಸಲು ಅವರ ಕೈಯಲ್ಲಿ ಒಂದು ಬರಹ. ಹಣ ಹಿಂದಿರುಗಿಸುವ ಷರತ್ತೂ ಲೆಕ್ಕಾಚಾರದ್ದೇ: ಪೆಸೂರಿಸ್‌ಗೆ ಆಳು ಸಿಗದಿದ್ದರೂ ಹೂಡಿದ ಬಂಡವಾಳ ವಾಪಸು ಬರಬೇಕು. ಸರಾಯೆಸ್ ತಿಂಗಳುಗಟ್ಟಲೆ ಹಾಲೂಡಿಸಿದ್ದು ನಿಜವಾದರೂ ಕೂಸು ಸತ್ತದ್ದರಿಂದ ಆ ದುಡಿಮೆಗೆ ಬೆಲೆಯಿಲ್ಲದಾಯಿತು. ತೀರ್ಪು ಅವಳ ಪರವಾಗಿದ್ದರೂ ಈ ಭಾಗ ಅವಳಿಗೆ ನ್ಯಾಯ ಒದಗಿಸಿತೆಂದು ನನಗನ್ನಿಸುವುದಿಲ್ಲ.

ಕ್ಯಾಪಿಟೋ ಕೈಗೆ ಹೋದ ಅರ್ಜಿಯಲ್ಲಿ ಕಥೆ ಸ್ವಲ್ಪ ಬೇರೆಯಾಗಿ ಬರುತ್ತದೆ. ಅಲ್ಲಿ ಎದುರಾಳಿಯ ಹೆಸರು ಸೂರೋಸ್‌ನ ಮಗ ಸೂರೋಸ್. ಪೆಸೂರಿಸ್ ಎಂಬುದು ಅದೇ ಹೆಸರಿನ ಈಜಿಪ್ಟಿನ ರೂಪವಾಗಿರುವುದರಿಂದ ಇಬ್ಬರೂ ಒಬ್ಬನೇ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಮನೆಯಲ್ಲಿ ಒಂದು ಹೆಸರು, ಕಚೇರಿಗೆ ಗ್ರೀಕ್ ಹೆಸರು ಎಂಬ ಎರಡು ಹೆಸರಿನ ಬಾಳು ಆ ಊರಿನಲ್ಲಿ ಸಾಮಾನ್ಯವಾಗಿತ್ತು. ತಮ್ಮ ಮಗುವಿನ ಹೆಸರು ಅಪಿಯೋನ್ ಎಂದು ಟ್ರೈಫೋನ್ ಹೇಳುತ್ತಾನೆ. ಸರಾಯೆಸ್‌ಳ ತಂದೆಯ ಹೆಸರೂ ಅದೇ, ಅಂದರೆ ಕೂಸಿಗೆ ತಾಯಿಯ ಕಡೆಯ ಅಜ್ಜನ ಹೆಸರಿಟ್ಟಿದ್ದರು. ತಿಪ್ಪೆಯ ಕೂಸು ಸತ್ತಿತು, ಸೂರೋಸ್ ನನ್ನ ಮಗ ಅಪಿಯೋನನನ್ನು ಗುಲಾಮಗಿರಿಗೆ ಎಳೆದೊಯ್ಯಲು ನೋಡಿದ, ನಿಮ್ಮ ಅಪ್ಪಣೆಯಂತೆ ಪಾಸಿಯೋನ್ ಮಗನನ್ನು ನನಗೆ ಮರಳಿ ಕೊಡಿಸಿದ, ಆದರೆ ಸೂರೋಸ್ ತೀರ್ಪಿಗೆ ಮಣಿಯದೆ ನನ್ನ ಕಸುಬಿಗೂ ಅಡ್ಡಿಯಾಗುತ್ತಿದ್ದಾನೆ ಎಂಬುದು ದೂರು.

ಮರಳಿ ಕೊಡಿಸಿದ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಮಗು ಎಂದಿಗೂ ಸರಾಯೆಸ್‌ಳ ಕೈಬಿಟ್ಟಿರದಿದ್ದರೆ ಕೊಡಿಸುವ ಪ್ರಶ್ನೆ ಏಳುತ್ತಿರಲಿಲ್ಲ. ಅರಿಸ್ಟೊಕ್ಲೀಸ್ ಹೇಳಿದಂತೆ ಪೆಸೂರಿಸ್ ಒಂದು ಮಗುವನ್ನು ಕರೆದೊಯ್ದದ್ದೂ, ಸರಾಯೆಸ್ ಅವನ ಮನೆಗೆ ನುಗ್ಗಿ ಎತ್ತಿಕೊಂಡು ಬಂದದ್ದೂ ನಡೆದಿರಬೇಕು. ಕಚೇರಿಯಲ್ಲಿ ಈ ಆರೋಪಕ್ಕೆ ಅವಳು ಉತ್ತರವನ್ನೇ ಕೊಟ್ಟಿಲ್ಲ. ತನ್ನದೇ ಮಗುವನ್ನು ತಂದವಳಿಗೆ ಅದು ಉತ್ತರಿಸಬೇಕಾದ ಆರೋಪವೆಂದು ತೋರಿರಲಿಕ್ಕಿಲ್ಲ. ಇನ್ನೊಂದು ಸಾಧ್ಯತೆಯನ್ನೂ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಈ ಎರಡೂ ಹಾಳೆಗಳು ಟ್ರೈಫೋನನ ಕಟ್ಟಿನಿಂದ ಬಂದವು, ಪೆಸೂರಿಸ್‌ನ ಕರಾರು ಮತ್ತು ರಸೀದಿಗಳು ಬಂದಿಲ್ಲ. ಗೆದ್ದವರು ಕಾಪಾಡಿಕೊಂಡ ದಾಖಲೆಗಳಿಂದ ಸೋತವನ ಸತ್ಯವನ್ನು ತೂಗುವುದು ಕಷ್ಟ. ಎರಡು ವರ್ಷ ಮೊಲೆಯೂಡಿಸಿದ ಕೂಸನ್ನು ಬಿಟ್ಟುಕೊಡಲಾಗದೆ ತನ್ನದೆಂದು ಸಾಧಿಸಿದ ಹೆಂಗಸಿನ ಕಥೆಯೂ ಇದೇ ಕಾಗದಗಳಲ್ಲಿ ಅಡಗಿರಬಹುದು. ಹಾಗಿದ್ದರೂ ನಾನು ಸರಾಯೆಸ್‌ಳ ಮಾತನ್ನೇ ನಂಬುತ್ತೇನೆ, ಏಕೆಂದರೆ ಮಗುವನ್ನೂ ಅವಳನ್ನೂ ಒಟ್ಟಿಗೆ ನೋಡಿದ ಏಕೈಕ ಹೊರಗಿನವನು ಅವಳ ಪರವಾಗಿ ಹೇಳಿದ್ದಾನೆ. ಕ್ಯಾಪಿಟೋನ ಆಡಳಿತದಲ್ಲಿ ಕೆಳಗಿನ ಅಧಿಕಾರಿಗಳ ಮೇಲೆ ಕಣ್ಣಿತ್ತೆಂಬುದಕ್ಕೂ ಆಧಾರವಿದೆ: ಸೈನಿಕರು ಮತ್ತು ಅಧಿಕಾರಿಗಳು ಜನರಿಂದ ಅಕ್ರಮವಾಗಿ ವಸೂಲು ಮಾಡುವುದನ್ನು ನಿಷೇಧಿಸಿದ ಅವನ ಆಜ್ಞೆಯನ್ನು ಖಾರ್ಗಾ ಓಯಸಿಸ್‌ನ ಹಿಬಿಸ್ ದೇವಾಲಯದ ಮಹಾದ್ವಾರದಲ್ಲಿ ಸರಿಸುಮಾರು ಇದೇ ಕಾಲದಲ್ಲಿ ಕೆತ್ತಿಸಲಾಗಿತ್ತು.

ನಂತರದ ವರ್ಷಗಳು

ಕ್ರಿ.ಶ. 52ರ ಏಪ್ರಿಲ್‌ನಲ್ಲಿ ಟ್ರೈಫೋನ್ ಮತ್ತೆ ಕ್ಯಾಪಿಟೋನ ಕಚೇರಿಯ ಕಾಗದದಲ್ಲಿ ಕಾಣಿಸಿಕೊಳ್ಳುತ್ತಾನೆ. ಕಣ್ಣಿಗೆ ಪೊರೆ ಬಂದು ದೃಷ್ಟಿ ಮಂದವಾಗಿದ್ದರಿಂದ, ಅಲೆಕ್ಸಾಂಡ್ರಿಯದಲ್ಲಿ ಪರೀಕ್ಷೆ ನಡೆಸಿ, ಸರ್ಕಾರಿ ಸೇವೆಯ ಹೊರೆಯಿಂದ ಅವನನ್ನು ಬಿಡುಗಡೆ ಮಾಡಿದ ಆದೇಶದ ಪ್ರತಿ ಅದು. ಆಗ ಅವನಿಗೆ ನಲವತ್ತನಾಲ್ಕರ ಆಸುಪಾಸು. ಆದರೂ ಎರಡು ವರ್ಷಗಳ ಮೇಲೆ ಮಗ್ಗ ಕೊಂಡಿದ್ದಾನೆ, ಅದರ ಮರುವರ್ಷ ತಾಯಿಯ ಕಡೆಯ ಸಂಬಂಧಿಯಿಂದ ಮೂರಂತಸ್ತಿನ ಮನೆಯೊಂದರ ಅರ್ಧಭಾಗವನ್ನು ಖರೀದಿಸಿದ್ದಾನೆ. ಪೆಸೂರಿಸ್ ಒಡ್ಡಿದ ಅಡ್ಡಿ ಅವನ ಕಸುಬನ್ನು ಮುಳುಗಿಸಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಕ್ರಿ.ಶ. 66ರಲ್ಲಿ ಅವನು ತೂನಿಸ್ ಎಂಬ ಮಗನನ್ನು ಒಂದು ವರ್ಷದ ಮಟ್ಟಿಗೆ ಟಾಲೆಮಿಯಸ್ ಎಂಬ ನೇಕಾರನ ಬಳಿ ಕೆಲಸ ಕಲಿಯಲು ಬಿಟ್ಟ. ಮಗನ ಊಟಬಟ್ಟೆ ತಂದೆಯದೇ, ಆದರೆ ಊಟದ ಬಾಬ್ತು ತಿಂಗಳಿಗೆ ಐದು ಡ್ರಾಕ್ಮಾ, ವರ್ಷದ ಕೊನೆಗೆ ಬಟ್ಟೆಗೆಂದು ಹನ್ನೆರಡು ಡ್ರಾಕ್ಮಾವನ್ನು ಟಾಲೆಮಿಯಸ್ ಕೊಡಬೇಕು. ಹುಡುಗ ಕೆಲಸ ತಪ್ಪಿಸಿದ ದಿನಗಳನ್ನು ವರ್ಷದ ಕೊನೆಯಲ್ಲಿ ತುಂಬಿಕೊಡಬೇಕು, ಇಲ್ಲವೇ ದಿನಕ್ಕೊಂದು ಡ್ರಾಕ್ಮಾ ತೆರಬೇಕು. ಅವಧಿಗೆ ಮೊದಲು ತಂದೆ ಮಗನನ್ನು ಕರೆದೊಯ್ದರೆ ನೂರು ಡ್ರಾಕ್ಮಾ ದಂಡ, ಅಷ್ಟೇ ಮೊತ್ತ ಖಜಾನೆಗೆ. ಕಲಿಸದೆ ಬಿಟ್ಟರೆ ಟಾಲೆಮಿಯಸ್‌ಗೂ ಅದೇ ದಂಡ. ಒಂದು ಮಗು ಯಾರ ಮನೆಯಲ್ಲಿ, ಎಷ್ಟು ದಿನ, ಯಾವ ಷರತ್ತಿನ ಮೇಲೆ ಇರಬೇಕೆಂಬುದನ್ನು ಹದಿನೇಳು ವರ್ಷ ಹಿಂದೆ ಕಚೇರಿ ಹತ್ತಿ ಇಳಿದಿದ್ದ ಈ ತಂದೆ ಈಗ ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಸಿಕೊಂಡಿದ್ದಾನೆ. ಪತ್ರದ ಕೆಳಗೆ ಟಾಲೆಮಿಯಸ್‌ನ ಒಪ್ಪಿಗೆಯಿದೆ. ಅವನಿಗೂ ಅಕ್ಷರ ಬಾರದ ಕಾರಣ ಅವನ ಪರವಾಗಿ ಹೋರಸ್‌ನ ಮಗ ಜೋಯಿಲಸ್ ಎಂಬವನು ಬರೆದಿದ್ದಾನೆ.